ಸರಕಿನಿಂದ ಅನುಮತಿಗೆ: ಥಾಣೆ–ನವಿ ಮುಂಬಯಿ ಪಟ್ಟಿಯಲ್ಲಿ ಕಂಪ್ಯೂಟರ್ ಆಟಗಳ ವ್ಯಾಪಾರ

ಥಾಣೆ ಪೂರ್ವದ ಕೋಪರಿಯಿಂದ ಕೊಲ್ಲಿಯ ಆಚೆ ದಡದ ಕೋಪರ್‌ಖೈರಣೆಯವರೆಗೆ, ಇನ್ನೊಂದು ದಿಕ್ಕಿನಲ್ಲಿ ಡೊಂಬಿವಲಿ, ಕಲ್ಯಾಣಗಳವರೆಗೆ ಹಬ್ಬಿರುವ ವಸತಿ ಪಟ್ಟಿಯಲ್ಲಿ ಕಂಪ್ಯೂಟರ್ ಆಟವೆಂಬುದು ಮೊದಲು ಬಳಕೆಗೆ ಬಂದದ್ದು ಕೈಯಲ್ಲಿ ಹಿಡಿಯಬಹುದಾದ ಸರಕಾಗಿ. ಇದರ ಸಗಟು ನೆಲೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ. ಅಧಿಕೃತವಾಗಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎನಿಸಿಕೊಂಡ, ಗ್ರ್ಯಾಂಟ್ ರೋಡ್ ನಿಲ್ದಾಣಕ್ಕೆ ಹತ್ತಿರದ ಈ ಬೀದಿ ಬಿಡಿಭಾಗಗಳನ್ನೂ ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರುಗಳನ್ನೂ ಮಾರುವುದರಲ್ಲಿ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಸಮನಾಗಿತ್ತು. ಮಧ್ಯ ರೈಲ್ವೆಯ ಲೋಕಲ್‌ನಲ್ಲಿ ದಾದರಿಗೆ ಬಂದು, ಅಲ್ಲಿ ಪಶ್ಚಿಮ ರೈಲ್ವೆಗೆ ಬದಲಾಯಿಸಿಕೊಂಡರೆ ಥಾಣೆಯವರಿಗೂ ಕಲ್ಯಾಣದವರಿಗೂ ಅದು ಎಟುಕುವ ಪೇಟೆಯೇ ಆಗಿತ್ತು. ಆಟದ ಅಸಲಿ ಸಿಡಿಯ ಜೊತೆಗೆ ನಕಲಿ ಸಿಡಿಯೂ ಇಂಥ ಪೇಟೆಗಳಲ್ಲಿ ಬಹುಕಾಲ ಬಿಕರಿಯಾಯಿತು. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಂದ ತಿದ್ದುಪಡಿಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿದ್ದರಿಂದ ಈ ಎರಡನೆಯ ವ್ಯಾಪಾರವು ಅಪರಾಧವೆಂಬುದರಲ್ಲಿ ಸಂದೇಹವಿರಲಿಲ್ಲ.

ಅಸಲಿ ಸಿಡಿಯೂ ಪೂರ್ಣ ಸ್ವತಂತ್ರವಾಗಿರಲಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತಿದ್ದ ಅಕ್ಷರ-ಅಂಕಿಗಳ ಸರಣಿಯನ್ನು, ಅಂದರೆ ಸಿಡಿ ಕೀಯನ್ನು, ಕೊಡದೆ ಆಟ ಕಂಪ್ಯೂಟರಿಗೆ ಇಳಿಯುತ್ತಿರಲಿಲ್ಲ. ಆಡುವಾಗಲೆಲ್ಲ ಸಿಡಿ ಡ್ರೈವಿನೊಳಗೇ ಇರಬೇಕೆಂದು ಒತ್ತಾಯಿಸುವ ಸೇಫ್‌ಡಿಸ್ಕ್‌ನಂಥ ರಕ್ಷಣಾತಂತ್ರಗಳೂ ಇದ್ದವು. ಆದರೂ ಈ ತಪಾಸಣೆ ಕೊಂಡವನ ಮನೆಯೊಳಗೇ ಮುಗಿಯುತ್ತಿತ್ತು. ಮಾರಿದ ಕಂಪನಿ ಮುಚ್ಚಿಹೋದರೂ ಸಿಡಿ ನಡೆಯುತ್ತಿತ್ತು, ಗೆಳೆಯನಿಗೆ ಎರವಲು ಹೋಗುತ್ತಿತ್ತು, ಹಳೆಯದಾದ ಮೇಲೆ ಅರ್ಧ ಬೆಲೆಗೆ ಮತ್ತೊಬ್ಬರ ಕೈ ಸೇರುತ್ತಿತ್ತು.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದದ್ದು ಕೌಂಟರ್-ಸ್ಟ್ರೈಕ್ ಎಂಬ ಆಟದ ಮೂಲಕ. ಅಮೆರಿಕದ ವಾಲ್ವ್ ಸಂಸ್ಥೆ 2003ರ ಸೆಪ್ಟೆಂಬರ್ 12ರಂದು ಸ್ಟೀಮ್ ಎಂಬ ವಿತರಣಾ ವೇದಿಕೆಯನ್ನು ಹೊರತಂದಿತು. ಆಟವನ್ನು ಮಾರುವ, ಅಂತರಜಾಲದ ಮೂಲಕ ಇಳಿಸಿಕೊಡುವ, ಕಾಲಕಾಲಕ್ಕೆ ತಿದ್ದುವ ಮತ್ತು ಕೊಂಡವನ ಖಾತೆಯನ್ನು ಪರಿಶೀಲಿಸುವ ನಾಲ್ಕೂ ಕೆಲಸಗಳನ್ನು ಈ ಒಂದೇ ತಂತ್ರಾಂಶ ವಹಿಸಿಕೊಂಡಿತು. 2004ರ ಜುಲೈನಲ್ಲಿ, ಕೌಂಟರ್-ಸ್ಟ್ರೈಕ್ ಅದುವರೆಗೆ ನೆಚ್ಚಿಕೊಂಡಿದ್ದ ವಾನ್ ಎಂಬ ಹಳೆಯ ಸರ್ವರ್ ಜಾಲ ಮುಚ್ಚಿದಾಗ, ಜಗತ್ತಿನ ಇತರರೊಡನೆ ಅಧಿಕೃತವಾಗಿ ಆಡಬಯಸುವವರಿಗೆ ಸ್ಟೀಮ್ ಅನಿವಾರ್ಯವಾಯಿತು. ಭಾರತದ ನಗರಗಳ ಸೈಬರ್ ಕೆಫೆಗಳಲ್ಲಿ ಮಾತ್ರ ಈ ಬದಲಾವಣೆಯ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಒಂದೇ ಕೋಣೆಯ ಕಂಪ್ಯೂಟರುಗಳನ್ನು ತಂತಿಯಿಂದ ಬೆಸೆದ ಲ್ಯಾನ್ ಜಾಲದಲ್ಲಿ ಆಡಲು ಹೊರಗಿನ ಸರ್ವರ್ ಬೇಕಿರಲಿಲ್ಲವಾದ್ದರಿಂದ, ನಾನ್-ಸ್ಟೀಮ್ ಎಂದೇ ಕರೆಸಿಕೊಂಡ, ಖಾತೆ ಕೇಳದ ಪ್ರತಿಗಳು ಅಲ್ಲಿ ವರ್ಷಗಟ್ಟಲೆ ಚಾಲ್ತಿಯಲ್ಲಿದ್ದವು.

2004ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು ಈ ಇತಿಹಾಸದ ಸಂಧಿಕಾಲ. ಅಕ್ಟೋಬರ್ 14ರಂದು ಕೇಂದ್ರ ಸರಕಾರ ಪ್ರಕಟಿಸಿದ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡಿನ ಕನಿಷ್ಠ ಅಳತೆಯೆಂದು ಗೊತ್ತುಪಡಿಸಿತು. ನವೆಂಬರ್ 5ರಂದು, ಮುಂಬಯಿ ಮೂಲದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರಕಾರದ ನಡುವಿನ ಮಾರಾಟ ತೆರಿಗೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಸಿಡಿಯಂಥ ಮಾಧ್ಯಮದಲ್ಲಿ ಸಿದ್ಧರೂಪದಲ್ಲಿ ಮಾರುವ ತಂತ್ರಾಂಶ ‘ಸರಕು’ ಎಂದೇ ತೀರ್ಪಿತ್ತಿತು. ಅದಾದ ಹನ್ನೊಂದೇ ದಿನಕ್ಕೆ, ನವೆಂಬರ್ 16ರಂದು, ವಾಲ್ವ್ ಸಂಸ್ಥೆಯ ಹಾಫ್-ಲೈಫ್ 2 ಬಿಡುಗಡೆಯಾಯಿತು. ಅಂಗಡಿಯಲ್ಲಿ ಸಿಡಿ ಕೊಂಡವರೂ ಸ್ಟೀಮ್ ಖಾತೆ ತೆರೆದು ಜಾಲದ ಮೂಲಕ ಸಕ್ರಿಯಗೊಳಿಸಿಕೊಳ್ಳದೆ ಅದನ್ನು ಆಡುವಂತಿರಲಿಲ್ಲ. ಒತ್ತಡ ತಾಳದ ಸರ್ವರುಗಳಿಂದಾಗಿ ಹಣ ತೆತ್ತವರೇ ಕಾಯಬೇಕಾಯಿತು. ಭಾರತದ ನ್ಯಾಯಾಲಯ ತಂತ್ರಾಂಶವನ್ನು ಸರಕೆಂದು ಗುರುತಿಸಿದ ತಿಂಗಳಲ್ಲೇ ಆಟಗಳ ಉದ್ಯಮವು ಸರಕನ್ನು ಅನುಮತಿಯನ್ನಾಗಿ ಪರಿವರ್ತಿಸತೊಡಗಿತ್ತು.

ಈ ಪರಿವರ್ತನೆ ಥಾಣೆ ಜಿಲ್ಲೆಯ ಮನೆಗಳನ್ನು ಪೂರ್ತಿಯಾಗಿ ಮುಟ್ಟಲು ಸುಮಾರು ಹನ್ನೆರಡು ವರ್ಷ ಹಿಡಿದದ್ದಕ್ಕೆ ಕಾರಣ ಲೆಕ್ಕದಲ್ಲೇ ಸಿಗುತ್ತದೆ. 256 ಕಿಲೋಬಿಟ್ ವೇಗದಲ್ಲಿ ಒಂದು ಗಿಗಾಬೈಟ್ ಇಳಿಸಲು ಎಂಟೂವರೆ ಗಂಟೆಗೂ ಹೆಚ್ಚು ಕಾಲ ಬೇಕು, 4.7 ಗಿಗಾಬೈಟಿನ ಒಂದು ಡಿವಿಡಿಗೆ ನಲವತ್ತು ಗಂಟೆ. ಮಾಸಿಕ ಮಿತಿಯುಳ್ಳ ಸಂಪರ್ಕ ಮತ್ತು ಡಾಲರಿನಲ್ಲಿ ನಮೂದಾದ ಬೆಲೆಯ ನಡುವೆ ಡಿಸ್ಕ್ ತನ್ನ ಸ್ಥಾನವನ್ನು ಉಳಿಸಿಕೊಂಡಿತು, ಆದರೆ ಬರಿಯ ಸಾಗಣೆಯ ಸಾಧನವಾಗಿ. 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ಒರಿಜಿನ್ ಎಂಬ ತನ್ನದೇ ವೇದಿಕೆ ಆರಂಭಿಸಿ, ಬ್ಯಾಟಲ್‌ಫೀಲ್ಡ್ 3 ಆಡಲು ಅದನ್ನು ಕಡ್ಡಾಯಗೊಳಿಸಿದ ಮೇಲೆ ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ವೇದಿಕೆಗಳನ್ನು ಸಾಕಬೇಕಾದ ಸ್ಥಿತಿ ಒದಗಿತು. 2015ರ ಕೊನೆಯಲ್ಲಿ ಸ್ಟೀಮ್ ರೂಪಾಯಿ ಬೆಲೆಗಳನ್ನು ತಂದದ್ದು, 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೊ ಸೇವೆ ಆರಂಭವಾಗಿ ಡೇಟಾ ದರ ಕುಸಿದದ್ದು, ಇವೆರಡೂ ಸೇರಿ ಡಿಸ್ಕಿನ ಕೊನೆಯ ಉಪಯೋಗವನ್ನೂ ಕಸಿದುಕೊಂಡವು. ಜಿಯೊದ ಕಾರ್ಯಸ್ಥಾನವಿರುವುದು ಕೋಪರ್‌ಖೈರಣೆಗೆ ಹೊಂದಿಕೊಂಡ ಘನ್ಸೋಲಿಯಲ್ಲಿ. ಐರೋಲಿ, ರಬಾಳೆ, ಮಹಾಪೆಗಳ ಕೈಗಾರಿಕಾ ಭೂಮಿಯಲ್ಲಿ ಇಂದು ದೇಶದ ಅತಿ ದೊಡ್ಡ ಡೇಟಾ ಸೆಂಟರ್ ಸಮೂಹಗಳಲ್ಲೊಂದು ಬೆಳೆದಿದೆ. ಅಂಗಡಿಯ ಕಪಾಟಿನಿಂದ ಕಣ್ಮರೆಯಾದ ವಸ್ತುವಿನ ದಾಸ್ತಾನು ಮತ್ತು ಸಾಗಣೆಯ ಸೌಕರ್ಯಗಳು ಹೀಗೆ ಇದೇ ಪಟ್ಟಿಯಲ್ಲಿ ಬೇರೆ ರೂಪದಲ್ಲಿ ನೆಲೆಗೊಂಡವು.

ವೇದಿಕೆಯ ಕಡ್ಡಾಯವನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿಲ್ಲದಿಲ್ಲ. ನಕಲಿಯ ಹಾವಳಿಗೆ ಸಿಡಿ ಕೀ ಕೊಡಲಾರದ ಉತ್ತರವನ್ನು ಖಾತೆಯ ಪರಿಶೀಲನೆ ತಕ್ಕಮಟ್ಟಿಗೆ ಕೊಟ್ಟಿತು. ದೋಷಗಳ ತಿದ್ದುಪಡಿ ತಾನಾಗಿ ಬರತೊಡಗಿತು. 2015ರ ಜೂನ್‌ನಿಂದ, ಕೊಂಡ ಎರಡು ವಾರದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ, ಇಂಥ ಸೌಲಭ್ಯ ಸೀಲು ಒಡೆದ ಸಿಡಿಗೆ ಎಂದೂ ಇರಲಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡದ ‘ರಾಜಿ: ಆನ್ ಏನ್ಶಿಯಂಟ್ ಎಪಿಕ್’ 2020ರಲ್ಲಿ ಜಗತ್ತಿನ ಆಟಗಾರರನ್ನು ತಲಪಿದ್ದೂ ಇಂಥ ವೇದಿಕೆಗಳ ಮೂಲಕವೇ.

ನಷ್ಟದ ಪಾಲು ಬಂದದ್ದು ಕೊಂಡವನಿಗೆ. ಒಮ್ಮೆ ಮಾರಿದ ಪ್ರತಿಯ ಮರುಮಾರಾಟವನ್ನು ಮೂಲ ಮಾಲಿಕ ತಡೆಯುವಂತಿಲ್ಲವೆಂಬ ‘ಪ್ರಥಮ ಮಾರಾಟ’ ತತ್ತ್ವವನ್ನು ಐರೋಪ್ಯ ನ್ಯಾಯಾಲಯ 2012ರಲ್ಲಿ ಇಳಿಸಿಕೊಂಡ ತಂತ್ರಾಂಶಕ್ಕೂ ಅನ್ವಯಿಸಿತ್ತು. ಅದರ ಬೆನ್ನಿಗೆ ಫ್ರಾನ್ಸಿನ ಬಳಕೆದಾರರ ಸಂಘವೊಂದು ವಾಲ್ವ್ ವಿರುದ್ಧ 2019ರಲ್ಲಿ ಗೆದ್ದರೂ, ಆಟವೆಂಬುದು ಚಿತ್ರ, ಸಂಗೀತ, ಕಥೆಗಳು ಕೂಡಿದ ಸಂಕೀರ್ಣ ಕೃತಿಯೆಂಬ ಕಾರಣದಿಂದ ಮೇಲ್ಮನವಿಯಲ್ಲಿ ಸೋತಿತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ಮಾರ್ಚ್ 31ರಂದು ಯೂಬಿಸಾಫ್ಟ್ ಸಂಸ್ಥೆ ದ ಕ್ರೂ ಎಂಬ ಆಟದ ಸರ್ವರುಗಳನ್ನು ನಿಲ್ಲಿಸಿದಾಗ, ಡಿಸ್ಕ್ ಇಟ್ಟುಕೊಂಡವರೂ ಆಟ ಕಳೆದುಕೊಂಡರು. ಭಾರತದಲ್ಲಿ, 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ 65ಎ ಕಲಮು ಹಕ್ಕು ಉಲ್ಲಂಘನೆಯ ಉದ್ದೇಶದಿಂದ ರಕ್ಷಣಾತಂತ್ರವನ್ನು ಭೇದಿಸುವುದಕ್ಕೆ ಎರಡು ವರ್ಷದವರೆಗಿನ ಸೆರೆವಾಸ ವಿಧಿಸುತ್ತದೆ. ಆ ತಂತ್ರವನ್ನು ನಡೆಸುವವನು ಅಂಗಡಿ ಮುಚ್ಚಿದರೆ ಕೊಂಡವನಿಗೆ ಏನು ಸಲ್ಲಬೇಕೆಂದು ಅದು ಹೇಳುವುದಿಲ್ಲ.

ಕಡ್ಡಾಯವು ತಂತ್ರಜ್ಞಾನದ ಅನಿವಾರ್ಯತೆಯೆಂಬ ಮಾತು ನಿಲ್ಲುವುದಿಲ್ಲ. 2008ರಲ್ಲಿ ಆರಂಭವಾದ ಪೋಲೆಂಡಿನ ಜಿಓಜಿ ಯಾವ ಬೀಗವೂ ಇಲ್ಲದ ಆಟಗಳನ್ನು ಮಾರುತ್ತ ಬಂದಿದೆ. ಸ್ಟೀಮ್ ಕೂಡ ತನ್ನ ರಕ್ಷಣಾತಂತ್ರವನ್ನು ಪ್ರಕಾಶಕರ ಮೇಲೆ ಹೇರುವುದಿಲ್ಲ, ಅಲ್ಲಿ ಕೊಂಡ ಕೆಲವು ಆಟಗಳು ಸ್ಟೀಮ್ ತೆರೆಯದೆಯೂ ನಡೆಯುತ್ತವೆ. ಆದ್ದರಿಂದ ಆಟವನ್ನು ಯಾವ ಅಂಗಡಿಯಲ್ಲಿ ಮಾರಬೇಕೆಂಬುದು ಪ್ರಕಾಶಕನ ಹಕ್ಕೆಂದು ಒಪ್ಪಿದರೂ, ಒಬ್ಬನೇ ಕುಳಿತು ಆಡುವ ಆಟವನ್ನು ಮಾರಾಟ ಮುಗಿದ ಮೇಲೂ ಅಂಗಡಿಯ ಅಪ್ಪಣೆಗೆ ಕಟ್ಟಿಹಾಕುವುದು ಅದರಿಂದ ಹುಟ್ಟುವ ಹಕ್ಕಲ್ಲ. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿದಾಗ ಪರಿಶೀಲಿಸಿದ್ದು ವೇದಿಕೆಯೊಂದು ತನ್ನದೇ ಪಾವತಿ ವ್ಯವಸ್ಥೆಯನ್ನು ತಂತ್ರಾಂಶ ತಯಾರಕರ ಮೇಲೆ ಕಡ್ಡಾಯಗೊಳಿಸಿದ್ದನ್ನು. ಮಾರುವವನ ಮೇಲಿನ ಕಡ್ಡಾಯವನ್ನು ಅಳೆಯಲು ಕಾನೂನು ಹೀಗೆ ಒಂದು ಕೋಲನ್ನು ಹಿಡಿದಿದೆ. ತಂತ್ರಾಂಶ ಸರಕೆಂಬ 2004ರ ತೀರ್ಪು ತೆರಿಗೆ ಎತ್ತಲು ಮಾತ್ರವಲ್ಲದೆ ಕೊಂಡವನ ರಕ್ಷಣೆಗೂ ಬಳಕೆಯಾದಾಗಲೇ ಅದೇ ಕೋಲು ಕೊಳ್ಳುವವನ ಕಡೆಗೂ ತಿರುಗೀತು.