ಗ್ರಂಥಾಲಯದಲ್ಲೊಂದು ಕೊಲೆ: ಕನ್ನಡ ಪತ್ತೇದಾರಿ ಕಾದಂಬರಿ ನಡೆದ ದಾರಿ

ಅಗಾಥಾ ಕ್ರಿಸ್ಟಿಯ ‘ದಿ ಬಾಡಿ ಇನ್ ದ ಲೈಬ್ರರಿ’ ಬಂದದ್ದು 1942ರಲ್ಲಿ. ಕರ್ನಲ್ ಬ್ಯಾಂಟ್ರಿಯ ಬಂಗಲೆಯ ಪುಸ್ತಕದ ಕೋಣೆಯಲ್ಲಿ, ಮನೆಯವರು ಯಾರೂ ಕಂಡರಿಯದ ತರುಣಿಯೊಬ್ಬಳ ಹೆಣ ಬಿದ್ದಿರುತ್ತದೆ. ಪುಸ್ತಕಕ್ಕೇ ಒಂದು ಕೋಣೆ ಮೀಸಲಿಡುವ ಅನುಕೂಲ ನಮ್ಮಲ್ಲಿ ಎಷ್ಟು ಮನೆಗಳಿಗಿತ್ತು? ಕನ್ನಡದಲ್ಲಿ ಗ್ರಂಥಾಲಯವು ಪತ್ತೇದಾರಿ ಕಾದಂಬರಿಯನ್ನು ಓದುವ ಜಾಗವಾಯಿತು. ಕಥೆಯೊಳಗೆ ಅದು ಕಾಲಿಟ್ಟದ್ದು ಬಹಳ ತಡವಾಗಿ.

ಎಡ್ಗರ್ ಅಲನ್ ಪೋ 1841ರಲ್ಲಿ ಈ ಪ್ರಕಾರಕ್ಕೆ ನಾಂದಿ ಹಾಡಿದ. 1887ರಲ್ಲಿ ಶೆರ್ಲಾಕ್ ಹೋಮ್ಸ್ ಬಂದ. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ‘ಚೋರಗ್ರಹಣ ತಂತ್ರ’ ಬರೆದು ಕನ್ನಡಕ್ಕೆ ಅದರ ರುಚಿ ಹತ್ತಿಸಿದರು. ಆದರೆ ಈ ಕಥೆಗಳು ಜನಸಾಮಾನ್ಯರ ಕೈಗೆ ಬಂದದ್ದು ಸ್ವಾತಂತ್ರ್ಯಾನಂತರವೇ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನು ಸಾಲುಸಾಲಾಗಿ ಬರೆದರು. ಕನ್ನಡ ಚಳವಳಿಯ ಮುಂಚೂಣಿಯಲ್ಲಿದ್ದವರೇ ಈ ಕೆಲಸಕ್ಕೂ ಕೈಹಾಕಿದ್ದನ್ನು ನಮ್ಮ ಸಾಹಿತ್ಯ ಚರಿತ್ರೆ ಗಟ್ಟಿಯಾಗಿ ಹೇಳಬೇಕಿತ್ತು.

ಎನ್. ನರಸಿಂಹಯ್ಯನವರದು ಇನ್ನೂ ದೊಡ್ಡ ಸಾಧನೆ. ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. 1952ರಲ್ಲಿ ಶುರುವಾದ ಅವರ ‘ಪತ್ತೇದಾರ ಪುರುಷೋತ್ತಮ’ ಮನೆಮಾತಾದ. ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಇಂಥ ಪುಸ್ತಕಗಳು ಕೈಯಿಂದ ಕೈಗೆ ದಾಟಿ, ರಟ್ಟು ಕಿತ್ತು, ಕೊನೆಯ ಪುಟ ಕಳೆದು ಹಣ್ಣಾಗುತ್ತಿದ್ದವು. ಕೊಲೆಗಾರ ಯಾರೆಂಬುದು ಆ ಕಳೆದ ಪುಟದಲ್ಲೇ ಇರುತ್ತಿದ್ದದ್ದು ಓದುಗರ ಪಾಡು! ವಿಮರ್ಶಕರು ಇದನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲಿಲ್ಲ. ಅದು ಅನ್ಯಾಯವೆಂದೇ ನನ್ನ ಮಾತು. ಅಕ್ಷರ ಕೂಡಿಸಿ ಓದುತ್ತಿದ್ದವರನ್ನು ರಾತ್ರಿಯಿಡೀ ಓದುವವರನ್ನಾಗಿ ಮಾಡಿದ್ದು ಈ ಪುಸ್ತಕಗಳೇ. ಮುಂದೆ ಟಿ.ಕೆ. ರಾಮರಾಯರು ಕುತೂಹಲದ ಕಥನಕ್ಕೆ ಹದವಾದ ಗದ್ಯವನ್ನೂ ಊರು-ಕಾಡಿನ ಚಿತ್ರಗಳನ್ನೂ ತಂದರು.

ತಿರುವು ಬಂದದ್ದು ತೇಜಸ್ವಿಯವರಿಂದ. ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಸಂಶೋಧಕ ಜೋಗಿಹಾಳರ ಸಾವಿನ ತನಿಖೆ ಕೆಸರೂರಿನ ಇಡೀ ಸಮಾಜದ ತನಿಖೆಯಾಗುತ್ತದೆ. ಅದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು, ಪತ್ತೇದಾರಿಯ ಜಾಡು ಪಂಕ್ತಿಯೊಳಗೇ ಬಂದು ಕೂತಿತು. ‘ಜುಗಾರಿ ಕ್ರಾಸ್’ನಲ್ಲಂತೂ ಹಳೆಯ ಕಾವ್ಯವೇ ರತ್ನದ ಸುಳಿವನ್ನು ಬಚ್ಚಿಟ್ಟುಕೊಂಡಿದೆ. ಕೆ.ಎನ್. ಗಣೇಶಯ್ಯನವರು ‘ಕನಕ ಮುಸುಕು’, ‘ಕರಿಸಿರಿಯಾನ’ಗಳಲ್ಲಿ ಶಾಸನ, ಶಿಲ್ಪ, ಚರಿತ್ರೆಯ ದಾಖಲೆಗಳನ್ನೇ ಸಾಕ್ಷಿಕಟ್ಟೆಗೆ ತಂದರು. 1980ರಲ್ಲಿ ಉಂಬೆರ್ತೊ ಎಕೊ ‘ದಿ ನೇಮ್ ಆಫ್ ದ ರೋಸ್’ನಲ್ಲಿ, 1327ರ ಇಟಲಿಯ ಮಠವೊಂದರ ಪುಸ್ತಕ ಭಂಡಾರದ ಸುತ್ತ ಕೊಲೆಗಳ ಸರಣಿಯನ್ನು ಹೆಣೆದಿದ್ದ. ಕನ್ನಡ ಅದಕ್ಕೆ ಅತಿ ಹತ್ತಿರ ಹೋದದ್ದು ಈ ದಾರಿಯಲ್ಲಿ.

ಪೂರ್ತಿ ಗ್ರಂಥಾಲಯದೊಳಗೇ ನಡೆಯುವ ಕನ್ನಡದ ಕೊಲೆ ಕಾದಂಬರಿಗೆ ಗೋಕಾಕ ಸೀಮೆಗಿಂತ ಒಪ್ಪುವ ನೆಲ ಬೇರೆ ಬೇಕೆ? ಗೋಕಾಕ ತಾಲೂಕಿನದೇ ಬೆಟಗೇರಿ ಆನಂದಕಂದರ ಊರು, ಮಲಾಮರಡಿ ಬಸವರಾಜ ಕಟ್ಟೀಮನಿಯವರ ಹುಟ್ಟೂರು. ಪಕ್ಕದ ಹುಕ್ಕೇರಿ ತಾಲೂಕಿನ ಘೋಡಗೇರಿ ಚಂದ್ರಶೇಖರ ಕಂಬಾರರದು. ಹಳ್ಳಿಯ ಜಗಳ, ಗೌಡಿಕೆಯ ದರ್ಪ, ಮಠದ ಒಳಗುಟ್ಟು ಎಲ್ಲವನ್ನೂ ಈ ಸೀಮೆಯ ಲೇಖಕರು ಬರೆದಿದ್ದಾರೆ. ತಾಡೋಲೆಯ ಕಟ್ಟುಗಳಿಗೂ ಈ ಭಾಗದ ಮಠ-ಮನೆಗಳಲ್ಲಿ ಬರವಿರಲಿಲ್ಲ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಹೀಗೆ ಮನೆ-ಮಠಗಳನ್ನು ಸುತ್ತಿ ಓಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಒಂದು ಓಲೆ ಕಾಣೆಯಾಗಲಿ, ಅದನ್ನು ಓದಬಲ್ಲ ಒಬ್ಬನೇ ಮುದುಕ ಸಾಯಲಿ. ಕಾದಂಬರಿ ಅಲ್ಲಿಂದಲೇ ಹೊರಡುತ್ತದೆ.

ಹೊಸಬರು ಬರೆಯಲು ಹಿಂದಿನವರು ಬರೆದದ್ದು ಕೈಗೆ ಸಿಗಬೇಕು. ಅಗ್ಗದ ಕಾಗದದಲ್ಲಿ ಅಚ್ಚಾದ ಆ ಕಾದಂಬರಿಗಳು ಪುಡಿಯಾಗುತ್ತಿವೆ. ನಿಮ್ಮ ಮನೆಯ ಅಟ್ಟದ ಮೇಲೆ ನರಸಿಂಹಯ್ಯನವರದೋ ರಾಮಮೂರ್ತಿಯವರದೋ ಹಳೆಯ ಪ್ರತಿ ಇದ್ದರೆ ರದ್ದಿಗೆ ಹಾಕಬೇಡಿ. ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ, ಕೊಟ್ಟದ್ದನ್ನು ದಾಖಲೆ ಪುಸ್ತಕದಲ್ಲಿ ಬರೆಸಿ.