ಧೂಮಕೇತುವಿನ ಲೆಕ್ಕ: ಹ್ಯಾಲಿಯಿಂದ ಈಚೆಗೆ

ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯ ಕೇತುಚಾರಾಧ್ಯಾಯದಲ್ಲಿ, ಕೇತುಗಳು ಕಾಣಿಸಿಕೊಳ್ಳುವುದನ್ನಾಗಲಿ ಮರೆಯಾಗುವುದನ್ನಾಗಲಿ ಗಣಿತದಿಂದ ಅರಿಯಲಾಗದೆಂದು ಹೇಳಿದ್ದಾನೆ. ಗ್ರಹಣಕಾಲವನ್ನು ಮುಂದಾಗಿ ಎಣಿಸಬಲ್ಲ ಪರಂಪರೆಯಲ್ಲಿ ನಿಂತು ಆಡಿದ ಈ ಮಾತು ಅಜ್ಞಾನದ ಮಾತಲ್ಲ. ತನ್ನ ಶಾಸ್ತ್ರದ ಎಲ್ಲೆಯನ್ನು ಬಲ್ಲವನ ಮಾತು. ಆ ಎಲ್ಲೆ ಮುಂದೆ ಎಷ್ಟು ಸರಿಯಿತು, ಎಲ್ಲಿ ಇನ್ನೂ ಸರಿಯದೆ ನಿಂತಿದೆ ಎಂಬುದನ್ನು ಹ್ಯಾಲಿಯ ಧೂಮಕೇತುವೊಂದರ ಚರಿತ್ರೆಯಿಂದ ತಿಳಿಯುವುದು ಪ್ರಕೃತ ಲೇಖನದ ಉದ್ದೇಶ.

ಯೂರೋಪಿನಲ್ಲಿಯೂ ಧೂಮಕೇತುವನ್ನು ಬಹುಕಾಲ ಆಕಾಶದ ವಸ್ತುವೆಂದೇ ಎಣಿಸಿರಲಿಲ್ಲ. ಅದು ಭೂಮಿಯ ವಾಯುಮಂಡಲದಲ್ಲಿ ಹೊತ್ತಿಕೊಂಡ ಆವಿಯೆಂಬ ಅರಿಸ್ಟಾಟಲನ ಮತವೇ ಮಾನ್ಯವಾಗಿತ್ತು. 1577ರಲ್ಲಿ ತೋರಿದ ದೊಡ್ಡ ಧೂಮಕೇತುವನ್ನು ಡೆನ್ಮಾರ್ಕಿನ ಟೈಕೋ ಬ್ರಾಹೆ ನಕ್ಷತ್ರಗಳ ನಡುವೆ ಅಳೆದು ನೋಡಿದನು. ನೋಡುವ ನೆಲೆ ಬದಲಾದಂತೆ ಹತ್ತಿರದ ವಸ್ತು ಹೆಚ್ಚು ಸರಿದಂತೆ ತೋರುತ್ತದೆ. ನಮ್ಮ ಜ್ಯೋತಿಶ್ಶಾಸ್ತ್ರದಲ್ಲಿ ಇದಕ್ಕೆ ಲಂಬನವೆಂದು ಹೆಸರು. ಆ ಧೂಮಕೇತುವಿನ ಲಂಬನ ಚಂದ್ರನದಕ್ಕಿಂತ ತೀರ ಕಡಿಮೆಯಾಗಿತ್ತು. ಆದುದರಿಂದ ಅದು ಚಂದ್ರನಿಗಿಂತಲೂ ಬಹುದೂರದಲ್ಲಿದೆಯೆಂದು ಸಿದ್ಧವಾಯಿತು. ಯಾವ ರಾತ್ರಿ, ಯಾವ ಹೊತ್ತು, ಯಾವ ನಕ್ಷತ್ರದಿಂದ ಎಷ್ಟು ಅಂಶ ದೂರ ಎಂಬ ಒಣ ಬರವಣಿಗೆಯೇ ಮುಂದಿನ ಸಮಸ್ತ ಜ್ಞಾನಕ್ಕೆ ಮೂಲಧನವಾಯಿತು.

1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ನನು ಧೂಮಕೇತುಗಳೂ ಸೂರ್ಯನ ಆಕರ್ಷಣೆಗೆ ಒಳಪಟ್ಟು ನಡೆಯುತ್ತವೆಂದು ತೋರಿಸಿ, ಕೆಲವು ರಾತ್ರಿಗಳ ಸ್ಥಾನಗಳಿಂದ ಕಕ್ಷೆಯನ್ನು ಕಟ್ಟುವ ಬಗೆಯನ್ನು ವಿವರಿಸಿದನು. ಆತನ ಮಿತ್ರ ಎಡ್ಮಂಡ್ ಹ್ಯಾಲಿ ಈ ವಿಧಾನವನ್ನು ಹಿಡಿದು, ಹಳೆಯ ದಾಖಲೆಗಳಲ್ಲಿದ್ದ 24 ಧೂಮಕೇತುಗಳ ಕಕ್ಷೆಗಳನ್ನು ಗಣಿಸಿ 1705ರಲ್ಲಿ ಪ್ರಕಟಿಸಿದನು.

ಸಾಹಿತ್ಯ ವಿದ್ಯಾರ್ಥಿಗಳಿಗೆ ಹ್ಯಾಲಿಯ ಕೆಲಸ ಪರಕೀಯವೆನಿಸಲಾರದು. ಒಂದೇ ಕೃತಿಯ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಸಂಪಾದಕನು ಪಾಠಗಳನ್ನು ಹೋಲಿಸುವಂತೆ, ಆತನು ಕಕ್ಷೆಗಳನ್ನು ಸಾಲಾಗಿಟ್ಟು ಹೋಲಿಸಿದನು. 1531ರಲ್ಲಿ ಆಪಿಯಾನ್, 1607ರಲ್ಲಿ ಕೆಪ್ಲರ್, 1682ರಲ್ಲಿ ಸ್ವತಃ ಹ್ಯಾಲಿ ಕಂಡ ಮೂರು ಧೂಮಕೇತುಗಳ ಕಕ್ಷೆಯ ಓರೆ, ದಿಕ್ಕು, ಸೂರ್ಯನಿಂದಿರುವ ಕನಿಷ್ಠ ದೂರ, ಗ್ರಹಗಳಿಗೆ ವಿರುದ್ಧವಾದ ನಡೆ, ಎಲ್ಲವೂ ಬಹುಮಟ್ಟಿಗೆ ಒಂದೇ ಆಗಿದ್ದವು. ಮೂರು ಪ್ರತಿಗಳ ಮೂಲ ಒಂದೇ! ಆದರೆ ಒಂದು ಪಾಠಾಂತರ ಉಳಿಯಿತು: ಮೊದಲ ಅಂತರ 76 ವರ್ಷಕ್ಕೆ ಮಿಗಿಲು, ಎರಡನೆಯದು 75ಕ್ಕಿಂತ ಕಡಿಮೆ. ಹ್ಯಾಲಿ ಅದನ್ನು ಮುಚ್ಚಿಡಲಿಲ್ಲ. ದಾರಿಯಲ್ಲಿ ಗುರುಗ್ರಹವು ಸೆಳೆಯುವುದರಿಂದ ಅವಧಿ ವ್ಯತ್ಯಾಸವಾಗುತ್ತದೆಂದು ಊಹಿಸಿ, 1758ರಲ್ಲಿ ಅದು ಮರಳುವುದೆಂದು ಬರೆದನು. ಬರೆಯುವಾಗ ಆತನಿಗೆ ಐವತ್ತರ ಹತ್ತಿರದ ವಯಸ್ಸು. ತನ್ನ ಮಾತಿನ ಸತ್ಯಾಸತ್ಯವನ್ನು ತಾನು ಕಾಣಲಾರೆನೆಂಬುದು ಆತನಿಗೆ ತಿಳಿದೇ ಇತ್ತು. 1742ರಲ್ಲಿ ಆತನು ತೀರಿಕೊಂಡನು.

ಉಳಿದ ಲೆಕ್ಕವನ್ನು ಪ್ಯಾರಿಸಿನಲ್ಲಿ ಮೂವರು ಕೈಗೆತ್ತಿಕೊಂಡರು: ಗಣಿತಜ್ಞ ಕ್ಲೆರೋ, ಜ್ಯೋತಿರ್ವಿಜ್ಞಾನಿ ಲಾಲಾಂದ್, ಮತ್ತು ನಿಕೋಲ್-ರೇನ್ ಲಪೋಟ್ ಎಂಬ ಮಹಿಳೆ. ಗುರು, ಶನಿಗಳ ಸೆಳೆತವನ್ನು ಕಕ್ಷೆಯ ಹೆಜ್ಜೆಹೆಜ್ಜೆಗೂ ಎಣಿಸಬೇಕಾಗಿತ್ತು. ಯಂತ್ರಗಳಿಲ್ಲದ ಆ ಕಾಲದಲ್ಲಿ, ಸುಮಾರು ಆರು ತಿಂಗಳು, ಬೆಳಗಿನಿಂದ ರಾತ್ರಿಯವರೆಗೆ, ಒಮ್ಮೊಮ್ಮೆ ಊಟದ ಹೊತ್ತಿನಲ್ಲಿಯೂ ಲೆಕ್ಕ ಸಾಗಿತು. 1758ರ ನವೆಂಬರಿನಲ್ಲಿ ಕ್ಲೆರೋ ಫಲಿತವನ್ನು ಸಾರಿದನು: ಹಿಂದಿನ ಸುತ್ತಿಗಿಂತ ಈ ಸುತ್ತು 618 ದಿನ ದೀರ್ಘ, ಅದರಲ್ಲಿ 518 ದಿನ ಗುರುವಿನಿಂದ, 100 ದಿನ ಶನಿಯಿಂದ. ಧೂಮಕೇತು 1759ರ ಏಪ್ರಿಲ್ ಮಧ್ಯಭಾಗದಲ್ಲಿ ಸೂರ್ಯನಿಗೆ ಅತಿ ಸಮೀಪ ಬರುವುದು. ಲೆಕ್ಕದಲ್ಲಿ ಒಂದು ತಿಂಗಳ ಹೆಚ್ಚುಕಡಿಮೆ ಇರಬಹುದು.

ಅದೇ ಡಿಸೆಂಬರ್ 25ರ ರಾತ್ರಿ ಡ್ರೆಸ್ಡೆನ್ನಿನ ಬಳಿಯ ಹಳ್ಳಿಯಲ್ಲಿ ಪಾಲಿಚ್ ಎಂಬ ರೈತನು ಅದನ್ನು ಮೊದಲು ಕಂಡನು. ಆತನು ಒಕ್ಕಲುತನದ ಜೊತೆಗೆ ತಾನೇ ಓದಿ ನಕ್ಷತ್ರಗಳನ್ನು ಅರಿತವನು. ಧೂಮಕೇತು 1759ರ ಮಾರ್ಚ್ 13ರಂದು ಸೂರ್ಯಸಮೀಪ ಬಿಂದುವನ್ನು ದಾಟಿತು; ಎಂದರೆ ಲೆಕ್ಕ ಸುಮಾರು ಒಂದು ತಿಂಗಳು ತಪ್ಪಿತ್ತು. ತಪ್ಪಿನ ಪ್ರಮಾಣವನ್ನು ಮುಂಚೆಯೇ ಹೇಳಿದ್ದರಿಂದ ಅದು ಸೋಲಾಗಲಿಲ್ಲ. ಯುರೇನಸ್ ಆಗಲಿ ನೆಪ್ಚೂನ್ ಆಗಲಿ ಆಗ ಇನ್ನೂ ಗೊತ್ತಿರಲಿಲ್ಲವೆಂಬುದನ್ನು ನೆನೆದರೆ ಆ ಸಾಧನೆಯ ಹಿರಿಮೆ ವೇದ್ಯವಾಗುತ್ತದೆ.

ಇಲ್ಲಿ ಒಂದು ವಿಷಾದದ ಸಂಗತಿಯನ್ನು ಹೇಳದೆ ಮುಂದುವರಿಯಲಾಗದು. 1760ರಲ್ಲಿ ಕ್ಲೆರೋ ಈ ಕುರಿತು ಗ್ರಂಥವನ್ನು ಪ್ರಕಟಿಸಿದಾಗ ಅದರಲ್ಲಿ ಲಪೋಟಳ ಹೆಸರಿರಲಿಲ್ಲ. ಆಕೆಯಿಲ್ಲದಿದ್ದರೆ ಆ ಅಪಾರ ಶ್ರಮಕ್ಕೆ ಕೈಹಾಕುವ ಧೈರ್ಯವೇ ತಮಗೆ ಬರುತ್ತಿರಲಿಲ್ಲವೆಂಬರ್ಥದಲ್ಲಿ ಲಾಲಾಂದ್ ಬರೆದಿಟ್ಟುದರಿಂದ ಮಾತ್ರ ಆಕೆಯ ಪಾಲು ನಮಗೆ ತಿಳಿದಿದೆ. ಓಲೆಯನ್ನು ಬರೆದ ಲಿಪಿಕಾರನ ಹೆಸರು ಅಳಿದು ಬರಹ ಮಾತ್ರ ಉಳಿದುದನ್ನು ಬಲ್ಲ ನಮಗೆ ಈ ನೋವು ಹೊಸದಲ್ಲ. ದುಡಿದ ಕೈಯನ್ನು ಮರೆತ ಚರಿತ್ರೆ ಅಪೂರ್ಣವಾದ ಚರಿತ್ರೆ.

ಮುಂದೆ 1910ರ ಆಗಮನವನ್ನು ಕೋವೆಲ್ ಮತ್ತು ಕ್ರಾಮೆಲಿನ್ ಎಂಬವರು ಗಣಿಸಿದಾಗ ತಪ್ಪು ಮೂರು ದಿನಗಳಿಗೆ ಇಳಿಯಿತು. ಆದರೆ ಗ್ರಹಗಳ ಸೆಳೆತವನ್ನೆಲ್ಲ ಎಣಿಸಿದ ಮೇಲೂ ಆ ಮೂರು ದಿನಗಳು ಉಳಿದುದೇಕೆ? 1835ರಲ್ಲಿ ಧೂಮಕೇತುವಿನಿಂದ ಚಿಲುಮೆಗಳು ಹೊಮ್ಮುವುದನ್ನು ಕಂಡ ಬೆಸೆಲನು, ಅವುಗಳ ಹಿಂದಳ್ಳುವಿಕೆಯಿಂದ ನಡೆ ವ್ಯತ್ಯಾಸವಾಗಬಹುದೆಂದು ಆಗಲೇ ಸೂಚಿಸಿದ್ದನು. 1950ರಲ್ಲಿ ಅಮೆರಿಕದ ಫ್ರೆಡ್ ವಿಪ್ಪಲ್ ಅದಕ್ಕೆ ಆಧಾರ ಒದಗಿಸಿದನು: ಧೂಮಕೇತುವಿನ ತಿರುಳು ಧೂಳು ಬೆರೆತ ಮಂಜುಗಡ್ಡೆ, ಬಿಸಿಲಿಗೆ ಅದು ಆವಿಯಾಗಿ ಚಿಮ್ಮುವಾಗ ತನ್ನನ್ನು ತಾನೇ ತಳ್ಳಿಕೊಳ್ಳುತ್ತದೆ. ಉಳಿದ ಅಲ್ಪ ದೋಷವೇ ಹೀಗೆ ಧೂಮಕೇತುವಿನ ಒಡಲ ಗುಟ್ಟನ್ನು ಹೇಳಿತು.

ಇನ್ನು ಕಾಂತಿಯ ವಿಚಾರ. 1982ರ ಅಕ್ಟೋಬರ್ 16ರಂದು ಅಮೆರಿಕದ ಪಾಲೊಮರ್ ವೀಕ್ಷಣಾಲಯದಲ್ಲಿ ಹ್ಯಾಲಿಯ ಧೂಮಕೇತು, ಲೆಕ್ಕ ಹೇಳಿದ ಸ್ಥಾನದ ಪಕ್ಕದಲ್ಲಿಯೇ ಸಿಕ್ಕಿತು. ಆಗ ಅದು ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ ಕೋಟಿ ಪಾಲಿಗೂ ಮಿಗಿಲಾಗಿ ಮಂದವಾಗಿತ್ತು. 1986ರ ಏಪ್ರಿಲಿನ ಒಂದು ರಾತ್ರಿ, ಆಗ ತಾನೇ ಉಪಾಧ್ಯಾಯ ವೃತ್ತಿಗೆ ಸೇರಿದ್ದ ಪ್ರಸ್ತುತ ಲೇಖಕನು, ಹತ್ತಾರು ಮಕ್ಕಳನ್ನು ಊರ ಹೊರಗಿನ ಹೊಲಕ್ಕೆ ಕರೆದೊಯ್ದಿದ್ದನು. ದಕ್ಷಿಣ ದಿಗಂತದ ಮೇಲೆ ಕಂಡುದು ಹೊಗೆಯ ಮಸಿಯಂತಹ ಒಂದು ಮಸುಕು. ‘ಇಷ್ಟೇನಾ ಮೇಷ್ಟ್ರೇ?’ ಎಂದು ಒಬ್ಬ ಹುಡುಗ ಕೇಳಿದನು. 1910ರಲ್ಲಿ ಬಾಲಕರಾಗಿದ್ದ ಹಿರಿಯರೊಬ್ಬರು ಅರ್ಧ ಆಕಾಶಕ್ಕೆ ಚಾಚಿದ ಬಾಲವನ್ನು ನೆನೆದು, ಅದು ಇದಲ್ಲವೆಂದೇ ವಾದಿಸಿದರು. ಧೂಮಕೇತು ಅದೇ, ಬದಲಾದುದು ನಮ್ಮ ನೆಲೆ. 1910ರಲ್ಲಿ ಅದು ಸೂರ್ಯ-ಭೂಮಿಗಳ ಅಂತರದ ಆರನೆಯ ಒಂದು ಭಾಗದಷ್ಟು ಸಮೀಪ ಬಂದಿತ್ತು. 1986ರಲ್ಲಿ ಐದನೆಯ ಎರಡು ಭಾಗದಷ್ಟು ದೂರವೇ ಉಳಿಯಿತು.

ಭೂಮಿಯಿಂದ ದೂರ, ಸೂರ್ಯನಿಂದ ದೂರ, ಇವೆರಡನ್ನೂ ಗಣಿತ ಹೇಳಬಲ್ಲದು. ಆದರೆ ಬಿಸಿಲಿಗೆ ಆ ಮಂಜು ಎಷ್ಟು ಆವಿಯಾದೀತು, ಎಷ್ಟು ಧೂಳು ಹೊಮ್ಮೀತು ಎಂಬುದನ್ನು ನಿಷ್ಕರ್ಷೆಯಾಗಿ ಹೇಳಲಾರದು. 1973ರಲ್ಲಿ ಕೊಹೌಟೆಕ್ ಧೂಮಕೇತು ಮಹೋಜ್ವಲವಾಗುವುದೆಂದು ಜಗತ್ತೆಲ್ಲ ಕಾದಿತ್ತು. ಅದು ಲೆಕ್ಕದ ದಾರಿಯಲ್ಲಿಯೇ ಬಂದಿತು. ನಿರೀಕ್ಷೆಯ ಬೆಳಕನ್ನು ಮಾತ್ರ ತರಲಿಲ್ಲ.

ಹೀಗೆ ವರಾಹಮಿಹಿರನ ಮಾತಿನ ಅರ್ಧ ಗಣಿತಕ್ಕೆ ಸೋತಿದೆ, ಅರ್ಧ ಇಂದಿಗೂ ನಿಂತಿದೆ. ದಾರಿ ತಿಳಿದಿದೆ, ಬೆಳಕು ತಿಳಿದಿಲ್ಲ. ಹ್ಯಾಲಿಯ ಧೂಮಕೇತು 2023ರ ಡಿಸೆಂಬರಿನಲ್ಲಿ ತನ್ನ ಕಕ್ಷೆಯ ಕಡುದೂರದ ತುದಿಯನ್ನು, ಎಂದರೆ ಸೂರ್ಯ-ಭೂಮಿಗಳ ಅಂತರದ ಸುಮಾರು 35 ಪಟ್ಟು ದೂರವನ್ನು, ಮುಟ್ಟಿ ಮರಳಿ ಹೊರಟಿದೆ. 2061ರ ಜುಲೈ ಕೊನೆಯಲ್ಲಿ ಅದು ಸೂರ್ಯನನ್ನು ಸುತ್ತುವುದು. ನನ್ನ ವಯಸ್ಸಿನವರು ಅದನ್ನು ಕಾಣಲಾರೆವು. ಅಂದು ಹೊಲದಲ್ಲಿ ನಿಂತು ‘ಇಷ್ಟೇನಾ’ ಎಂದ ಹುಡುಗನ ಮೊಮ್ಮಕ್ಕಳು ಕಾಣಬಹುದು. ಅವರು ಕಂಡ ರಾತ್ರಿಯನ್ನೂ ಹೊತ್ತನ್ನೂ ಸ್ಥಾನವನ್ನೂ ಕಾಂತಿಯನ್ನೂ ಬರೆದಿಡಲಿ. ಜೊತೆಗೆ ಕೆಲಸ ಮಾಡಿದವರೆಲ್ಲರ ಹೆಸರನ್ನೂ ಬರೆದಿಡಲಿ.