ಸರ್‌ಪ್ರೀತ್ ಸಿಂಗ್: ಆಕ್ಲೆಂಡಿನಿಂದ ಮ್ಯೂನಿಕ್‌ಗೆ

ನ್ಯೂಜಿಲೆಂಡಿನ ಫುಟ್‌ಬಾಲ್ ಮಿಡ್‌ಫೀಲ್ಡರ್ ಸರ್‌ಪ್ರೀತ್ ಸಿಂಗ್ 1999ರಲ್ಲಿ ಆಕ್ಲೆಂಡಿನ ಪಂಜಾಬಿ ಕುಟುಂಬದಲ್ಲಿ ಜನಿಸಿದರು. ವೆಲಿಂಗ್ಟನ್ ಫೀನಿಕ್ಸ್‌ನಲ್ಲಿ ಹೆಸರು ಗಳಿಸಿ, 2018ರಲ್ಲಿ ಮುಂಬಯಿಯಲ್ಲಿ ಭಾರತವನ್ನು 2–1ರಿಂದ ಮಣಿಸಿದ ನ್ಯೂಜಿಲೆಂಡ್ ತಂಡದಲ್ಲಿದ್ದರು. 2019ರಲ್ಲಿ ಬಯರ್ನ್ ಮ್ಯೂನಿಕ್ ಸೇರಿದರು. ಅದೇ ಡಿಸೆಂಬರ್ 14ರಂದು ವೆರ್ಡರ್ ಬ್ರೆಮೆನ್ ವಿರುದ್ಧ ಬದಲಿ ಆಟಗಾರರಾಗಿ ಕಣಕ್ಕಿಳಿದು, ಬುಂಡೆಸ್‌ಲೀಗಾದಲ್ಲಿ ಆಡಿದ ಮೊದಲ ಭಾರತೀಯ ಮೂಲದವರೆನಿಸಿದರು. ತೊಡೆಸಂದಿನ ಬೇನೆಯಿಂದ 2021ರ ಟೋಕಿಯೊ ಒಲಿಂಪಿಕ್ಸ್ ಕೈತಪ್ಪಿತು. ಓಟದ ನಡುವೆ ಥಟ್ಟನೆ ತಿರುಗಿ ಪದೇ ಪದೇ ಚೆಂಡೊದೆಯುವವರಲ್ಲಿ ಸೊಂಟದ ಮುಂಭಾಗದ ಮೂಳೆಗಳು ಕೂಡುವೆಡೆ ಬಳಲುತ್ತದೆ. ಆಟದ ಹೊರೆ ಇಳಿಸುವುದೇ ಅದಕ್ಕೆ ಮೊದಲ ಚಿಕಿತ್ಸೆ. ಅನಂತರ ಅವರಿಗೆ ನಿಯಮಿತವಾಗಿ ಆಡಲು ದೊರೆತದ್ದು ಎರಡನೆಯ ದರ್ಜೆಯ ಲೀಗಿನ ಯಾನ್ ರೆಗೆನ್ಸ್‌ಬರ್ಗ್‌ನಲ್ಲಿ, ಎರವಲು ಆಟಗಾರರಾಗಿ. ಮ್ಯೂನಿಕ್‌ನ ಆ ಕೆಲವು ನಿಮಿಷಗಳನ್ನಷ್ಟೇ ಸ್ಮರಿಸುವ ಇಲ್ಲಿನ ತಂದೆತಾಯಿಯರಿಗೆ, ವೈದ್ಯನಾಗಿ ನಾನು ರೆಗೆನ್ಸ್‌ಬರ್ಗ್‌ನ ಹೆಸರನ್ನೂ ಹೇಳುತ್ತೇನೆ: ನೋವಿನಿಂದ ಚೇತರಿಸಿಕೊಂಡು ಚಿಕ್ಕ ಕಣದಲ್ಲಿ ಆಡುವುದು ಸೋಲಲ್ಲ.